ಅರ್ಧ ಗೇಣು ಜಾಗ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎನ್ನುತ್ತಾಳೆ ಅಮ್ಮ. ಕೋಪವನ್ನು ಮೂಗಿನ ತುದಿಯಲ್ಲಿಟ್ಟುಕೊಂಡು ಬಂದವಳು ಎಂದೂ ಸೇರಿಸುತ್ತಾಳೆ. ಅಂಥವಳಿಗೆ ಮುರಳೀಕೃಷ್ಣ ಸಾರ್ ಒಪ್ಪಿಸಿದ ಕೆಲಸ ನೋಡಿ: ವಾರವಿಡೀ ಕುರ್ಚಿಗೆ ಅಂಟಿಕೊಂಡು ಆಫೀಸಿಗೊಂದು ಟೈಟಲ್ ಬ್ಲಾಕ್ ಮಾಡುವುದು.

ಮನೆಯ ನಕ್ಷೆ ನೋಡಿದವರಿಗೆ ಗೊತ್ತಿರುತ್ತದೆ, ಹಾಳೆಯ ಬಲ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಪಟ್ಟಿ ಇರುತ್ತದೆ. ಅದೇ ಟೈಟಲ್ ಬ್ಲಾಕ್. ಯಾರ ಮನೆ, ಎಲ್ಲಿಯ ಸೈಟು, ಯಾವ ಮಹಡಿ, ಯಾರು ಬರೆದರು, ಯಾವ ತಾರೀಖು ಎಲ್ಲ ಅದರಲ್ಲಿರಬೇಕು. ಕೊನೆಯಲ್ಲಿ ಮಾಲೀಕರ ಸಹಿಗೆ ಒಂದು ಚೌಕ. ವಿಜಯನಗರದ ಬೇಕರಿಯೊಂದರ ಮೇಲಿನ ನಮ್ಮ ಪುಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ ಇದುವರೆಗೆ ನಡೆದುಕೊಂಡು ಬಂದದ್ದು ಕಾಪಿ ಹೊಡೆಯುವ ವಿದ್ಯೆ. ಹಳೆಯ ಕ್ಲೈಂಟಿನ ಫೈಲ್ ತೆಗೆ, ಹೆಸರು ಅಳಿಸು, ಹೊಸಬರ ಹೆಸರು ಬರೆ. ಅಳಿಸಲು ಮರೆತರೆ ಕಥೆ ಮುಗಿಯಿತು. ಹೋದ ತಿಂಗಳು ಮಹಾಲಕ್ಷ್ಮಿ ಲೇಔಟಿನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ನಕ್ಷೆ ‘ಮಾಲೀಕರು: ತಮ್ಮಣ್ಣ’ ಎಂದು ಹೊತ್ತುಕೊಂಡೇ ಹೋಯಿತು. ತಮ್ಮಣ್ಣನವರು ಕೆಂಗೇರಿಯಲ್ಲಿ ಹಿಟ್ಟಿನ ಗಿರಣಿ ಕಟ್ಟಿಸಿದವರು. "ತಮ್ಮಣ್ಣ ಯಾರು ಸಾರ್, ನನಗೇ ಗೊತ್ತಿಲ್ದಿರೋ ಪಾರ್ಟ್ನರಾ?" ಎಂದು ಡಾಕ್ಟರು ಫೋನ್ ಮಾಡಿದ ದಿನವೇ ಸಾರ್ ನನ್ನ ಕಡೆ ತಿರುಗಿದರು.

"ಸ್ಮೃತಿ, ಒಂದು ಸಲ ನೆಟ್ಟಗೆ ಮಾಡಿಬಿಡಮ್ಮ. ಇನ್ಮೇಲೆ ಯಾವ ಪ್ರಾಜೆಕ್ಟ್ ಬಂದ್ರೂ ಅದೇ ಟೆಂಪ್ಲೇಟು. ಹೆಸರು ಒಂದು ಕಡೆ ಹಾಕಿದ್ರೆ ಎಲ್ಲಾ ಶೀಟಲ್ಲೂ ತಾನೇ ಬರ್ಬೇಕು. ಒಂದೇ ಕಂಡೀಷನ್, ಲೋಗೋ ಮುಟ್ಬೇಡ."

ಆ ಲೋಗೋ ಒಂದು ದೊಡ್ಡ ಕಥೆ. ಸಾರ್ ರಾಜಾಜಿನಗರದ ಒಂದು ಕಾರ್ ಗ್ಯಾರೇಜಿನಲ್ಲಿ ಆಫೀಸು ಶುರು ಮಾಡಿದಾಗ ಕೈಯಾರೆ ಬರೆದದ್ದು. ಒಂದು ಕಂಬ, ಅದರ ನೆರಳು, ಪಕ್ಕದಲ್ಲಿ ನೆಟ್ಟಗೆ ನಿಂತ ಅಕ್ಷರಗಳಲ್ಲಿ ‘ಮುರಳೀಕೃಷ್ಣ ಅಂಡ್ ಅಸೋಸಿಯೇಟ್ಸ್’. ಅಸೋಸಿಯೇಟ್ಸ್ ಅಂದರೆ ನಾನು ಮತ್ತು ಶ್ರೀಶ. ಪಟ್ಟಿಯ ಮೂರನೇ ಒಂದು ಭಾಗವನ್ನು ಆ ಕಂಬವೇ ತಿನ್ನುತ್ತಿತ್ತು.

ಬೈದುಕೊಂಡು ಕೂತೆನಾದರೂ ಕೆಲಸ ನನಗೆ ಹಿಡಿಸಿತು ಎಂದು ಒಪ್ಪಿಕೊಳ್ಳಲೇಬೇಕು. ನಮ್ಮ ಸಾಫ್ಟ್‌ವೇರಿನಲ್ಲಿ ಅಕ್ಷರ ಎರಡು ಬಗೆ. ಒಂದು, ಗೋಡೆಗೆ ಬರೆದ ಜಾಹೀರಾತಿನ ಹಾಗೆ ಬರೆದಲ್ಲೇ ಕೂತುಬಿಡುತ್ತದೆ. ಇನ್ನೊಂದು ಲೇಬಲ್. ಮಾಲೀಕರ ಹೆಸರನ್ನು ಪ್ರಾಜೆಕ್ಟಿನ ಮಾಹಿತಿಯಲ್ಲಿ ಒಮ್ಮೆ ಬರೆದರೆ ಅದು ಹುಡುಕಿಕೊಂಡು ಬಂದು ಎಲ್ಲ ಹಾಳೆಗಳಲ್ಲೂ ತನ್ನ ಜಾಗದಲ್ಲಿ ಕೂರುತ್ತದೆ. ಪಟ್ಟಿಯ ಒಂದು ಗೆರೆ ಬದಲಿಸಿ ಮತ್ತೆ ಲೋಡ್ ಮಾಡಿದರೆ ಅಷ್ಟೂ ಹಾಳೆಗಳಲ್ಲಿ ಬದಲಾಗುತ್ತದೆ. ಗೆರೆಗಳನ್ನು ತೆಳ್ಳಗೆ ಮಾಡಿದೆ, ಅಕ್ಷರ ಒಂದೇ ಅಳತೆಗೆ ತಂದೆ, ಸಹಿಯ ಚೌಕವನ್ನು ಎರಡು ಬೆರಳಿನ ಅಗಲಕ್ಕೆ ಇಳಿಸಿದೆ. ನಮ್ಮ ಕ್ಲೈಂಟುಗಳ ಸಹಿ ಒಂದು ಗೀಟು, ಒಂದು ಚುಕ್ಕೆ. ಅವರಿಗೆ ಇನ್ನೆಷ್ಟು ಬೇಕು? ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೊಸ ಟೆಂಪ್ಲೇಟಿನಲ್ಲಿ ಹೊರಬಂದ ಮೊದಲ ಕಟ್ಟಡ ಮಲ್ಲತ್ತಹಳ್ಳಿಯ ಬೋರಮ್ಮನವರ ಮನೆ. ಹಳೇ ಊರಿನ ಒಕ್ಕಲು ಮನೆತನ. ಹೊಲಗಳೆಲ್ಲ ಬಡಾವಣೆಯಾಗಿ ಹೋದ ಮೇಲೆ ಕೊಟ್ಟಿಗೆ ಇದ್ದ ಸೈಟೊಂದು ಬೋರಮ್ಮನ ಹೆಸರಿನಲ್ಲಿ ಉಳಿದಿತ್ತು. ಮೂರು ಮಹಡಿ. ಓಡಾಡುತ್ತಿದ್ದವನು ಮಗ ವೆಂಕಟೇಶ್, ನಾಗರಭಾವಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಅವನಿಗೆ ಮೊದಲ ಮಹಡಿಯಲ್ಲಿ ಪೇಯಿಂಗ್ ಗೆಸ್ಟ್ ಕೋಣೆಗಳು ಬೇಕಿತ್ತು. ಬೋರಮ್ಮ ಒಂದೇ ಮಾತಿನಲ್ಲಿ ಬೇಡ ಎಂದಿದ್ದರು. ಆ ಮಹಡಿಯ ಹಿಂಭಾಗ ಮಗಳು ಕುಸುಮಾಳಿಗೆ. ಗಂಡ ತೀರಿಕೊಂಡ ಮೇಲೆ ಕೆಂಗೇರಿಯಲ್ಲಿ ಬಾಡಿಗೆ ಮನೆ ಹಿಡಿದು, ಶಾಲೆಯಲ್ಲಿ ಪಾಠ ಹೇಳಿಕೊಂಡಿರುವ ಮಗಳು. ಎರಡು ಕೋಣೆ, ಅಡುಗೆಮನೆ, ಬೇರೆ ಬಾಗಿಲು. ಹಾಗೆಯೇ ಬರೆದಿದ್ದೆ.

ನಮ್ಮ ಆಫೀಸಿನಲ್ಲೊಂದು ಪದ್ಧತಿ ಇದೆ. ಮಾಲೀಕರು ಒಂದೊಂದು ಹಾಳೆಗೂ ಸಹಿ ಹಾಕದೆ ನಕ್ಷೆ ಮೇಸ್ತ್ರಿಯ ಕೈಗೆ ಹೋಗುವುದಿಲ್ಲ. ಸಹಿ ಬಿದ್ದ ಮೇಲೆ ಗೋಡೆ ಕದಲುವುದಿಲ್ಲ. ಸಾಲ ಕೊಡುವ ಬ್ಯಾಂಕಿಗೂ ಅದೇ ಕಟ್ಟು ಹೋಗುತ್ತದೆ. ಹಾಗಾಗಿ ಆ ಬುಧವಾರ ಬೋರಮ್ಮ ಮಗ, ಮಗಳ ಜೊತೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಎಪ್ಪತ್ತರ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲೊಂದು ಬಟ್ಟೆಯ ಚೀಲ. ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ.

"ಕುಸುಮನ್ ಮನೆ ಯಾವ್ದು ಮಗ?" ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಅಂಗೈ ಇಟ್ಟರು.

ವೆಂಕಟೇಶ್ ಜೇಬಿನಿಂದ ಇಂಕ್ ಪ್ಯಾಡ್ ತೆಗೆದ. "ಅಮ್ಮಾ, ಹೆಬ್ಬೆಟ್ಟು. ಬೇಗ ಆಗ್ಲಿ, ಕೆಳಗೆ ಗಾಡಿ ಅಡ್ಡ ನಿಲ್ಸಿದೀನಿ."

"ಎತ್ತಿಡ್ಲಾ ಅದ್ನ. ಪೆನ್ನು ಕೊಡವ್ವ ನೀನು."

ಕೊಟ್ಟೆ. ಅವರು ಸೆರಗು ಬಿಗಿದುಕೊಂಡು, ಹಾಳೆಗೆ ಮುಖ ಹತ್ತಿರ ತಂದು, ಸ್ಲೇಟಿನ ಮೇಲೆ ಬರೆಯುವ ಮಕ್ಕಳಂತೆ ಒತ್ತಿ ಬರೆದರು. ‘ಬೋ’ ಒಂದಕ್ಕೇ ನನ್ನ ಚೌಕ ತುಂಬಿಹೋಯಿತು. ‘ರ’ ಗೆರೆ ದಾಟಿ ಹಾಳೆಯ ಅಂಚಿಗೆ ಬಂತು. ಜಾಗ ಸಾಲದೆ ‘ಮ್ಮ’ ಪಟ್ಟಿಯನ್ನೇ ಬಿಟ್ಟು ಎಡಕ್ಕೆ ನಕ್ಷೆಯೊಳಗೆ ಹೋಗಿ ಮೆಟ್ಟಿಲ ಮೇಲೆ ಕೂತಿತು. ಸಹಿ ಹಾಕುವವರು ಯಾರು ಎಂದು ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ.

"ಆಚೆ ಹೋಯ್ತಾ?" ಎಂದರು.

"ಪರವಾಗಿಲ್ಲ ಅಜ್ಜಿ, ಇನ್ನೊಂದು ಶೀಟಲ್ಲಿ ಸ್ವಲ್ಪ ಚಿಕ್ಕದಾಗಿ ಬರೀರಿ," ಎಂದೆ. ಹೇಳಬಾರದಿತ್ತು. ಚಿಕ್ಕದಾಗಿ ಬರೆಯಲು ಹೋಗಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ಗಂಟಾದವು. ಅದು ಯಾರ ಹೆಸರು ಎಂದು ದೇವರೇ ಹೇಳಬೇಕಿತ್ತು. ಬೋರಮ್ಮ ಪೆನ್ನು ಕೆಳಗಿಟ್ಟರು.

"ನೋಡಿದ್ರಾ ಮೇಡಮ್?" ಎಂದ ವೆಂಕಟೇಶ್. ದನಿಯಲ್ಲಿ ಕೋಪವಿರಲಿಲ್ಲ, ಅವಸರವಿತ್ತು. "ಎರಡು ಶೀಟ್ ಹೋಯ್ತು, ಇನ್ನೂ ಹತ್ತಿದೆ. ಆಮೇಲೆ ಬ್ಯಾಂಕು, ಕರೆಂಟು, ನೀರು, ಎಲ್ಲಾದಕ್ಕೂ ಇವ್ರನ್ನ ಹಿಂಗೇ ಎಳ್ಕೊಂಡು ಅಲೀಲಾ? ಒಂದು ಜಿಪಿಎ ಮಾಡಿಸ್ಬಿಡ್ತೀನಿ. ಶುಕ್ರವಾರ ಮಧ್ಯಾಹ್ನ ನೋಟರಿ ಹತ್ರ ಟೈಮ್ ತಗೊಂಡಿದೀನಿ. ಆಮೇಲೆ ಎಲ್ಲಾ ನಾನೇ ಸೈನ್ ಮಾಡ್ತೀನಿ, ಯಾರಿಗೂ ತೊಂದ್ರೆ ಇಲ್ಲ."

ಜಿಪಿಎ ಎಂದರೆ ತಾಯಿಯ ಪರವಾಗಿ ಎಲ್ಲದಕ್ಕೂ ಸಹಿ ಹಾಕುವ ಅಧಿಕಾರ. ಅದು ಅವನ ಕೈಗೆ ಬಂದರೆ ನಕ್ಷೆಗೂ ಅವನದೇ ಸಹಿ. ಮೊದಲ ಮಹಡಿಯ ಹಿಂಭಾಗ ಮಂಚಕ್ಕಿಷ್ಟು ಬಾಡಿಗೆ ಎಂದು ಕೋಣೆಗಳಾಗುವುದನ್ನು ಯಾರೂ ತಡೆಯುವಂತಿರಲಿಲ್ಲ. ಅದು ಆ ಮೇಜಿನ ಸುತ್ತ ನಿಂತ ಎಲ್ಲರಿಗೂ ಗೊತ್ತಿತ್ತು. ಬೋರಮ್ಮ ಬೆರಳಿಗೆ ಅಂಟಿದ ಮಸಿಯನ್ನು ಸೆರಗಿಗೆ ಒರೆಸಿಕೊಂಡರು.

ಅವರು ಇಳಿಯುವಾಗ ನಾನು ಕುಸುಮಾರನ್ನು ಮೆಟ್ಟಿಲ ಮೇಲೆ ತಡೆದೆ. ಕೇಳದೆ ಇರಲು ನನಗೆ ಆಗಲಿಲ್ಲ.

"ಹೆಬ್ಬೆಟ್ಟೇ ಹಾಕಿಬಿಡಬಹುದಲ್ವಾ ಅಕ್ಕಾ? ನಾವು ಒಪ್ಕೋತೀವಿ. ಯಾಕೆ ಇಷ್ಟು ಹಟ?"

ಆಕೆ ಬೇಸರಿಸಿಕೊಳ್ಳಲಿಲ್ಲ. "ಅಪ್ಪ ತೀರ್ಕೊಂಡ ವರ್ಷ ಯಾರೋ ಕಾಗದ ತಂದು ಅಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು. ಏನು ಬರ್ದಿದೆ ಅಂತ ಯಾರೂ ಓದಿ ಹೇಳ್ಲಿಲ್ಲ. ಕೆರೆ ಪಕ್ಕದ ಹೊಲ ಹೋಯ್ತು. ಅವತ್ತೇ ಹೇಳಿದ್ಳು, ‘ಕುಸುಮಾ, ನನ್ನ ಹೆಸರು ಬರಿಯಾಕ್ ಕಲ್ಸು’ ಅಂತ. ಅದೊಂದೇ ಪದ ಕಲ್ತಿರೋದು. ಕಣ್ಣು ಸರಿ ಕಾಣಲ್ಲ, ದೊಡ್ಡದಾಗಿ ಬರೆದ್ರೇ ಬರೆಯೋಕಾಗೋದು."

ಆಕೆ ಹೋದ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕೆಳಗಿಳಿದು ಬೇಕರಿಯಲ್ಲಿ ಟೀ ತೆಗೆದುಕೊಂಡೆ, ಅರ್ಧ ಕುಡಿದು ಬಿಟ್ಟು ಬಂದೆ. ಕಿಟಕಿಯ ಹೊರಗೆ ಮೆಟ್ರೋ ಹೋಗುವಾಗ ಗಾಜು ಗುಂಯ್ ಎನ್ನುತ್ತದೆ. ದಿನವೂ ಕೇಳಿಸದ ಸದ್ದು ಅವತ್ತು ತಲೆಯೊಳಗೇ ಆದಂತಿತ್ತು. ಸಿಟ್ಟು ವೆಂಕಟೇಶನ ಮೇಲಲ್ಲ, ನನ್ನ ಮೇಲೆ. ಎರಡು ಬೆರಳಿನ ಚೌಕ ಚಂದ ಕಾಣುತ್ತದೆ ಎಂದು ಬೀಗಿದವಳು ನಾನೇ ತಾನೆ?

ಮೆಟ್ಟಿಲ ಮೇಲೆ ಕೂತಿದ್ದ ಆ ‘ಮ್ಮ’ ಇದ್ದ ಹಾಳೆಯನ್ನೇ ಸ್ಕ್ಯಾನ್ ಮಾಡಿ, ಟೈಟಲ್ ಬ್ಲಾಕಿನ ಫೈಲಿನೊಳಗೆ ಅಡಿಯಲ್ಲಿಟ್ಟೆ. ಅಂಗಿ ಹೊಲಿಯುವವರು ಮೈ ಅಳತೆ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಮೂರೂ ಅಕ್ಷರ ಸೇರಿ ಉದ್ದಕ್ಕೆ ಅರ್ಧ ಗೇಣು ಬೇಕಿತ್ತು. ಪಟ್ಟಿಯ ಅಗಲ ಅಷ್ಟಿಲ್ಲ. ಆದರೆ ಉದ್ದ ಇದೆ! ಚೌಕವನ್ನು ನೆಟ್ಟಗೆ ನಿಲ್ಲಿಸಿ, ಸಹಿ ಮಾಡುವಾಗ ಹಾಳೆಯನ್ನೇ ಅಡ್ಡ ತಿರುಗಿಸಿ ಇಟ್ಟರಾಯಿತು. ಅಷ್ಟು ಉದ್ದದ ಜಾಗ ಪಟ್ಟಿಯಲ್ಲಿ ಒಂದೇ ಕಡೆ ಇತ್ತು. ಸಾರ್ ಅವರ ಕಂಬ ನಿಂತ ಕಡೆ.

ಪಕ್ಕದ ಕುರ್ಚಿಯಿಂದ ಶ್ರೀಶ ಇಣುಕಿದ. "ಲೋಗೋ ಮುಟ್ತಾ ಇದೀಯಾ? ಬೇರೆ ಕೆಲಸ ಏನಾದ್ರೂ ಸಿಕ್ತೇನೇ ನಿಂಗೆ?"

"ಸುಮ್ನೆ ಕೂತ್ಕೋ ಶ್ರೀಶ."

"ನಾನು ಸುಮ್ನೇನೇ ಇರ್ತೀನಿ. ಬೆಕ್ಕಿಗೆ ಗಂಟೆ ಕಟ್ತಾ ಇರೋಳು ನೀನು."

ಕಟ್ಟಿದೆ. ಸಾರ್ ಸೈಟಿಗೆ ಹೋಗಿದ್ದರು. ಫೋನ್ ಮಾಡಿ ಕೇಳಬಹುದಿತ್ತು, ಕೇಳಿದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಕಂಬವನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಇಳಿಸಿ ಮೂಲೆಗೆ ತಳ್ಳಿದೆ. ಅಲ್ಲಿ ಬೋರಮ್ಮನ ಚೌಕ ನಿಲ್ಲಿಸಿದೆ. ಲೋಡ್ ಕೊಟ್ಟೆ. ಹನ್ನೆರಡು ಹಾಳೆಗಳೂ ಒಂದೇ ಉಸಿರಿಗೆ ಬದಲಾದವು. ಒಂದೊಂದನ್ನೂ ತೆರೆದು ನೋಡಿದೆ. ಕುಸುಮಾರ ಎರಡು ಕೋಣೆ ಇದ್ದಲ್ಲೇ ಇದ್ದವು.

ಮರುದಿನ ಪ್ರಿಂಟ್ ಬಂದ ಹಾಳೆಗಳನ್ನು ಕತ್ತರಿಸುತ್ತಿರುವಾಗ ಸಾರ್ ಬೆನ್ನ ಹಿಂದೆ ಬಂದು ನಿಂತರು.

"ನನ್ನ ಲೋಗೋ ಎಲ್ಲಿ?"

ಬೆರಳಿಟ್ಟು ತೋರಿಸಿ, ಬೋರಮ್ಮನವರ ಸಹಿಗೆ ಜಾಗ ಬೇಕಿತ್ತು ಎಂದೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಬೈದಿದ್ದರೆ ನಾನೂ ಸರಿಯಾಗಿ ಜಗಳ ಆಡುತ್ತಿದ್ದೆ. ಅವರ ಮುಖ ಸಣ್ಣಗಾಯಿತು.

"ಒಬ್ಬೊಬ್ಬ ಕ್ಲೈಂಟಿಗೂ ಒಂದೊಂದು ಟೈಟಲ್ ಬ್ಲಾಕ್ ಅಂದ್ರೆ ಅದಕ್ಕೆ ಟೆಂಪ್ಲೇಟ್ ಅಂತ ಯಾಕಮ್ಮ ಕರೀಬೇಕು? ಆ ಗ್ಯಾರೇಜಲ್ಲಿ ನಂಗೆ ಒಂದು ಬೋರ್ಡ್ ಹಾಕೋಕೂ ಜಾಗ ಇರ್ಲಿಲ್ಲ. ಅದಕ್ಕೇ ಹಾಳೆ ಮೇಲೆ ದೊಡ್ಡದಾಗಿ ಹಾಕ್ಕೊಂಡೆ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಅಮ್ಮ ಹೇಳುವುದು ನೆನಪಾಯಿತು. ಆದರೂ ಬಾಯಿ ನಿಲ್ಲಲಿಲ್ಲ. "ಸಾರ್, ನಿಮ್ಮ ಹೆಸರು ಲೋಗೋದಲ್ಲಿದೆ, ಕೆಳಗೆ ಆರ್ಕಿಟೆಕ್ಟ್ ಅಂತಲೂ ಇದೆ, ಹೊರಗೆ ಬೋರ್ಡಲ್ಲೂ ಇದೆ. ಅವ್ರಿಗೆ ಬರೆಯೋಕೆ ಬರೋದು ಅದೊಂದೇ ಪದ ಸಾರ್. ಮನೆ ಅವ್ರದ್ದು. ಅದು ಹಿಡಿಯೋವಷ್ಟು ಜಾಗ ಕೊಡ್ದೆ ಇದ್ರೆ ಮಗ ನಾಳೆ ಜಿಪಿಎ ಬರೆಸ್ಕೋತಾನೆ."

ನನಗೆ ಅಳು ಬಂದಿತ್ತು, ಅದನ್ನು ತೋರಿಸಿಕೊಳ್ಳದಿರಲು ಕತ್ತರಿ ಜೋರಾಗಿ ಓಡಿಸಿ ಒಂದು ಹಾಳೆಯ ಅಂಚನ್ನೂ ಸೊಟ್ಟ ಮಾಡಿದೆ. ಸಾರ್ ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಈ ಪ್ರಾಜೆಕ್ಟಿಗೆ ಮಾತ್ರ," ಎಂದರು. "ಫೈಲಿಗೆ ಹಂಗೇ ಹೆಸರಿಡು. ನನ್ನ ಹಳೇದನ್ನ ಅಳಿಸ್ಬೇಡ."

ಫೈಲಿಗೆ ‘ಬೋರಮ್ಮ ಮಾತ್ರ’ ಎಂದು ಹೆಸರಿಟ್ಟೆ.

ನಾನು ಕುಸುಮಾರಿಗೆ ಫೋನ್ ಮಾಡಿ ಕರೆದಿದ್ದರಿಂದ ಶುಕ್ರವಾರ ಬೆಳಿಗ್ಗೆ ಮೂವರೂ ಬಂದರು. ವೆಂಕಟೇಶನ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಸ್ಟಾಂಪ್ ಪೇಪರಿನ ಹಸಿರು ಅಂಚು ಹೊರಗೆ ಕಾಣುತ್ತಿತ್ತು. ನಾನು ಮೊದಲ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಬೋರಮ್ಮನ ಕೈ ಹಿಡಿದು ತೋರುಬೆರಳನ್ನು ಚೌಕದ ಗೆರೆಯ ಮೇಲೆ ಓಡಿಸಿದೆ. ಗೆರೆಯನ್ನು ಬೇಕೆಂದೇ ದಪ್ಪ ಮಾಡಿದ್ದೆ.

"ಇಷ್ಟೂ ನಂದೇಯಾ?"

"ಇಷ್ಟೂ ನಿಮ್ದೇ ಅಜ್ಜಿ."

ಅವರು ಬರೆದರು. ಬೋ. ಕಾದರು. ರ. ಕಿಟಕಿಯಾಚೆ ಮೆಟ್ರೋ ಬಂತು, ಗಾಜು ಗುಂಯ್ ಎಂದಿತು, ಪೆನ್ನು ಎತ್ತಿ ಹಿಡಿದು ಅದು ಹೋಗುವವರೆಗೆ ನಿಂತರು. ಆಮೇಲೆ ಮ್ಮ. ಒಂದು ಗೆರೆಯೂ ಆಚೆ ಹೋಗಲಿಲ್ಲ. ಕುಸುಮಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಥವಾ ಅದು ನನ್ನದೇ ಉಸಿರೋ ಏನೋ.

ಅಂಥವು ಹನ್ನೆರಡು. ನನ್ನಂಥವಳಿಗೆ ಅದು ಶಿಕ್ಷೆ. ವೆಂಕಟೇಶ್ ಕಿಟಕಿಗೂ ಬಾಗಿಲಿಗೂ ತಿರುಗಿದ. ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ ಎಂದ, ಅಂಗಡಿಯಿಂದ ಫೋನ್ ಎಂದ, ಎರಡು ಸಲ ಕೆಳಗೆ ಹೋಗಿ ಬಂದ. ನಾನೂ ಅವನ ಹಾಗೇ ಹೆಜ್ಜೆ ಹಾಕುತ್ತಿದ್ದೇನೆ ಎಂದು ಗೊತ್ತಾದಾಗ ನಾಚಿಕೆಯಾಗಿ ಗೋಡೆಗೆ ಒರಗಿ ನಿಂತೆ. ಆ ಕೋಣೆಯಲ್ಲಿ ಅವಸರವಿಲ್ಲದೆ ಇದ್ದವರು ಬೋರಮ್ಮ ಒಬ್ಬರೇ. ನಡುವೆ ಕೈ ಸೋತಿತು. ಕುಸುಮಾ ಮುಂದೆ ಬಂದರೆ, "ನೀ ಮುಟ್ಬೇಡ, ಆಮೇಲೆ ಮಗಳು ಬರ್ದಳು ಅಂತಾರೆ," ಎಂದು ದೂರ ಕಳಿಸಿದರು. ಟೀ ತರಿಸಿ ಎಂದರು, ಬನ್ನನ್ನು ಅದರಲ್ಲಿ ಅದ್ದಿ ತಿಂದರು, ಕೈ ಒರೆಸಿಕೊಂಡು ಮತ್ತೆ ಪೆನ್ನು ಹಿಡಿದರು.

ಯಾವಾಗ ಬಂದರೋ, ಸಾರ್ ಮೇಜಿನ ಆ ತುದಿಯಲ್ಲಿದ್ದರು. ಮುಗಿದ ಹಾಳೆಯನ್ನು ಎತ್ತಿಟ್ಟು ಮುಂದಿನದನ್ನು ತಾವೇ ಅಡ್ಡ ತಿರುಗಿಸಿ, ಮಡಚಿಕೊಳ್ಳದಂತೆ ಮೂಲೆ ಒತ್ತಿ ಹಿಡಿಯುತ್ತಿದ್ದರು. ಮೊದಲ ಮಹಡಿಯ ಹಾಳೆ ಬಂದಾಗ ಬೋರಮ್ಮ, "ಇದು ಕುಸುಮಂದಲ್ವಾ?" ಎಂದು ಕೇಳಿ, ಹೌದೆಂದ ಮೇಲೆ ಬರೆದರು. ಸಾರ್ ನನ್ನ ಕಡೆ ಬಾಗಿದರು.

"ಆ ಫೈಲಿಗೆ ಏನು ಹೆಸರಿಟ್ಟೆ?"

"ನೀವು ಹೇಳ್ದಂಗೆ ಸಾರ್. ‘ಬೋರಮ್ಮ ಮಾತ್ರ’."

"‘ಮಾತ್ರ’ ತೆಗಿ. ಅದೇ ಇರ್ಲಿ ಎಲ್ಲಾದಕ್ಕೂ."

ಕೊನೆಯ ಹಾಳೆ ಮುಗಿಯಿತು. ವೆಂಕಟೇಶ್ ಇಷ್ಟು ಹೊತ್ತು ತಡೆದುಕೊಂಡವನು, ತಾಯಿ ಪೆನ್ನಿನ ಮುಚ್ಚಳ ಹಾಕುವ ಮೊದಲೇ ಪ್ಲಾಸ್ಟಿಕ್ ಫೈಲು ಬಿಚ್ಚಿ ಸ್ಟಾಂಪ್ ಪೇಪರನ್ನು ಮುಂದಿಟ್ಟ.

"ಬರೀತಾ ಇದೀಯಲ್ಲ, ಹಂಗೇ ಇದೊಂದಕ್ಕೂ ಹಾಕ್ಬಿಡಮ್ಮ. ಆಮೇಲೆ ನೋಟರಿ ಹತ್ರ ತೋರಿಸಿದ್ರೆ ಆಯ್ತು. ಇನ್ನು ಮುಂದೆ ನಿಂಗೆ ಈ ತಾಪತ್ರಯ ಇರಲ್ಲ."

ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಆಯಿತಲ್ಲ ಎನ್ನಿಸಿತು. ಕುಸುಮಾ ನೆಲ ನೋಡುತ್ತಿದ್ದರು. ಸಾರ್ ಹಾಳೆಯ ಮೂಲೆ ಬಿಟ್ಟು ಹಿಂದೆ ಸರಿದರು. ಅದು ಅವರ ಮನೆಯ ವಿಷಯ, ನಾವು ಹೊರಗಿನವರು.

ಬೋರಮ್ಮ ಕಾಗದವನ್ನು ಕಣ್ಣ ಹತ್ತಿರ ತಂದರು. ಮೇಲಿನಿಂದ ಕೆಳಗಿನವರೆಗೆ ಇರುವೆ ಸಾಲಿನಂಥ ಟೈಪಿಂಗು. ತೋರುಬೆರಳಿನಿಂದ ತಡವುತ್ತಾ ಕೆಳಗೆ ಬಂದರು. ಕೊನೆಯಲ್ಲಿ ಒಂದು ಗೆರೆ, ಅದರ ಪಕ್ಕ ಹೆಬ್ಬೆಟ್ಟಿನಷ್ಟು ಖಾಲಿ ಜಾಗ. ಆ ಜಾಗದ ಮೇಲೆ ಬೆರಳಿಟ್ಟು ಅಳೆದರು. ಅಂಚು ಹುಡುಕಿದರು. ಮತ್ತೆ ಅಳೆದರು.

"ಇದ್ರಲ್ಲಿ ನನ್ನ ಹೆಸರು ಹಿಡಿಯಾಕಿಲ್ಲ ಕಣ್ಲಾ."

"ಹೆಬ್ಬೆಟ್ಟು ಹಾಕಮ್ಮ, ಸಾಕು."

"ಇಷ್ಟೊತ್ತು ನೋಡ್ನಿಲ್ವಾ? ನಂಗೆ ಬರಿಯಾಕ್ ಬತ್ತದೆ. ಬರಿಯಾಕ್ ಬರೋಳು ಹೆಬ್ಬೆಟ್ಟು ಯಾಕ್ ಒತ್ತಲಿ?" ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. "ಈ ಹುಡ್ಗಿ ಯಾರೋ ಏನೋ, ಎರಡೇ ದಿನದಲ್ಲಿ ನಂಗೆ ಜಾಗ ಮಾಡ್ಕೊಟ್ಟಳು. ನೀನು ನನ್ನ ಮಗ. ಹೋಗು, ನನ್ನ ಹೆಸರು ಪೂರ್ತಿ ಹಿಡಿಯೋ ಕಾಗದ ಮಾಡಿಸ್ಕಂಡ್ ಬಾ. ಅದ್ನ ಕುಸುಮ ಓದಿ ಹೇಳ್ಲಿ. ಆಮೇಲೆ ನೋಡಾನ."

ವೆಂಕಟೇಶ್ ಕಾಗದವನ್ನು ನೋಡಿದ, ತಾಯಿಯನ್ನು ನೋಡಿದ. ಕಿಟಕಿಯ ಗಾಜು ಗುಂಯ್ ಎಂದಿತು, ಮೆಟ್ರೋ ಹೋಯಿತು. ಅವನು ಸ್ಟಾಂಪ್ ಪೇಪರನ್ನು ಫೈಲಿನೊಳಗೆ ತುರುಕಿ, "ಗಾಡಿ ತೆಗೀತೀನಿ, ಬನ್ನಿ," ಎಂದು ಕೆಳಗಿಳಿದ.

ಬೋರಮ್ಮ ಚೀಲ ಎತ್ತಿಕೊಂಡರು. ಹೋಗುವ ಮುನ್ನ ಮೊದಲ ಮಹಡಿಯ ಹಾಳೆಯನ್ನು ಮೇಲೆ ತೆಗೆಸಿ, ತಮ್ಮ ಹೆಸರಿನ ಮಸಿ ಒಣಗಿದೆಯೇ ಎಂದು ಬೆರಳ ತುದಿಯಿಂದ ಮುಟ್ಟಿ ನೋಡಿದರು. ಒಣಗಿತ್ತು.